ನಾನ್ ಆಕ್ಸಿಡೆಂಟ್

ಜನವರಿ 22, ಬುಧವಾರ ಬೆಳಿಗ್ಗೆ ಚಂದ್ರಭಾಗಾ ಔರಾದ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ಸಂಜೆ ಅವಳ ಗಂಡ, ಕುರಿಗಾರ ಧೊಂಡಿಬಾ, ಬೀದರ ರಸ್ತೆ ದಾಟುವಾಗ ಕಾರೊಂದು ಗುದ್ದಿ ಹೋಗಿತ್ತು. ರಸ್ತೆ ಬದಿಯಲ್ಲಿ ಕುರಿಗಳು ಕದಲದೆ ಗುಂಪಾಗಿ ನಿಂತದ್ದನ್ನು ಕಂಡು ಲಾರಿಯವನೊಬ್ಬ ಇಳಿದು ನೋಡಿದ್ದ. ಅಷ್ಟರಲ್ಲಿ ಎರಡು ತಾಸು ಕಳೆದಿತ್ತು. ಬೀದರಿನ ಆಸ್ಪತ್ರೆಯಲ್ಲಿ ಎಡಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ಬೇಗ ತಂದಿದ್ದರೆ ಉಳಿಯುತ್ತಿತ್ತೇನೋ ಎಂದು ವೈದ್ಯರು ಅವಳಿಗೆ ಹೇಳಿದ್ದರು.

"ಗಾಡಿ ನೋಡ್ಯಾರೇನು ನಿಮ್ಮ ಮನಿಯವರು?" ಪಿಎಸ್‌ಐ ನಂದಕುಮಾರ ಕೇಳಿದ.

"ಕೆಂಪಂದು ಅಂತಾರ್ರಿ. ನೆಲಕ್ಕ ಹತ್ತಿ ಬಂತು ಅಂತಾರ."

"ನಿಂತಿತ್ತೇನು?"

"ನಿಂತದ್ರಿ. ಇಳದಾನ, ಬದೀಗಿ ಎಳದಾನ, ಮ್ಯಾಲ ಇದನ್ನ ಹೊಚ್ಯಾನ." ಅವಳು ಗಂಟು ಬಿಚ್ಚಿದಳು. ಬೂದು ಬಣ್ಣದ ದೊಡ್ಡ ಬಟ್ಟೆ, ಅಲ್ಲಲ್ಲಿ ರಕ್ತ. "ಹೊಚ್ಚಿದಾಂವ ಎತ್ಕೊಂಡು ಯಾಕ ಹೋಗ್ಲಿಲ್ರಿ ಸಾಹೇಬ್ರ? ಸಿಕ್ರ ಅದೊಂದು ಕೇಳ್ರಿ. ನನಗ ಬ್ಯಾರೆ ಏನೂ ಬ್ಯಾಡ."

ಭಾರತೀಯ ನ್ಯಾಯ ಸಂಹಿತೆಯ ಕಲಂ 281, 125(ಬಿ), ಜೊತೆಗೆ ಮೋಟಾರು ವಾಹನ ಕಾಯ್ದೆಯ 134, 187ರ ಅಡಿ ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಸಿಕ್ಕಿದ್ದು ಒಂದೇ: ಇಂಡಿಕೇಟರಿನ ಕಿತ್ತಳೆ ಬಣ್ಣದ ಚೂರು. ಅದರ ಅಂಚಿನಲ್ಲಿ ಯಾವುದೋ ಅಕ್ಷರಗಳಿದ್ದವು. ಮೊಬೈಲಿನಲ್ಲಿ ಹಿಡಿದು ನೋಡಿದಾಗ ಅದು ಜಪಾನಿ ಲಿಪಿ ಎಂದು ಬಂತು.

ಬೂದು ಬಟ್ಟೆ ಕಾರಿನ ಹೊದಿಕೆ. ಹೆಡ್ ಕಾನ್‌ಸ್ಟೇಬಲ್ ನಿಜಾಮೋದ್ದೀನ ಅದನ್ನು ಠಾಣೆಯ ಜೀಪಿಗೆ ಹಾಸಿ ನೋಡಿದ.

"ಜೀಪಿಗಿ ಇದು ಬನಿಯನ್ ಆಯ್ತ್ರಿ ಸಾಹೇಬ್ರ. ಅಂಗಿ ಆಗ್ಲಿಲ್ಲ."

ಎದುರಿಗೆ ನಿಂತಿದ್ದ ಒಂದು ಕಾರಿಗೆ ಹಾಸಿದರು. ಉದ್ದ ಸರಿಹೋಯಿತು, ಎತ್ತರ ಸಾಲಲಿಲ್ಲ.

"ಇದರ ಗಾಡಿ ಕೂತಲ್ಲೇ ಹುಟ್ಟ್ಯದೇನ್ರಿ?" ಎಂದ ನಿಜಾಮೋದ್ದೀನ.

ಕೆಂಪು, ಜಪಾನಿನದು, ಗಿಡ್ಡ ಮೈಯದು. ಹಳೆಯ ಕಾರು ಮಾರುವವರ ವಾಟ್ಸಾಪ್ ಗುಂಪಿನಲ್ಲಿ ಅಂಥದ್ದು ಒಂದೇ ಇತ್ತು. 1994ರ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಭಾಲ್ಕಿ. ಘಟನೆಯ ಹಿಂದಿನ ದಿನ ಬಂದ ಜಾಹೀರಾತು: ಥರ್ಡ್ ಹ್ಯಾಂಡ್, ಎಂಜಿನ್ ಗುಡ್, ಹೊಸ ಲೆದರ್ ಸೀಟು, ನಾನ್ ಆಕ್ಸಿಡೆಂಟ್. ಶುಕ್ರವಾರ ಅದೇ ಮತ್ತೆ ಬಂದಿತ್ತು. ಕೊನೆಯ ಎರಡು ಪದ ಇರಲಿಲ್ಲ.

"ಲಾರಿಗಿ ಗುದ್ದಿದ್ದಕ್ಕೂ ಮಂದಿ ನಾನ್ ಆಕ್ಸಿಡೆಂಟ್ ಅಂತ ಬರೀತಾರ," ಎಂದ ನಿಜಾಮೋದ್ದೀನ. "ಇಂವ ಯಾಕ ತೆಗೆದ?"

ಶನಿವಾರ ಇಬ್ಬರೂ ಮಫ್ತಿಯಲ್ಲಿ ಗಿರಾಕಿಗಳಾಗಿ ಭಾಲ್ಕಿಗೆ ಹೋದರು. ಮಾಲೀಕ ಬಸವಕಿರಣ, ಬೀಜ ಗೊಬ್ಬರದ ಅಂಗಡಿಯವ, ಮೂವತ್ತರ ಆಸುಪಾಸು.

"ಯಾಕ ಮಾರ್ಲತ್ತೀರಿ?"

"ಕೂಸು ಹುಟ್ಯದ್ರಿ. ಎರಡು ಬಾಗಿಲ ಗಾಡಿಯಾಗ ಬಾಣಂತಿ ಹ್ಯಾಂಗ ಹತ್ತಿ ಇಳೀಬೇಕು?"

ನಿಜಾಮೋದ್ದೀನ ನೆಲಕ್ಕೆ ಮೈಚೆಲ್ಲಿ ಕೆಳಗೆ ಇಣುಕಿದ. "ಜಂಗು ಹಿಡದದಲ್ರಿ."

"ಹಿಡದದ್ರಿ. ಡಿಕ್ಕಿ ಮ್ಯಾಟ್ ಎತ್ರಿ, ಅಲ್ಲಿ ಇನ್ನೂ ಜಾಸ್ತಿ ಅದ. ಎಂಜಿನ್ ತಣ್ಣಗಿದ್ದಾಗ ಎರಡನೇ ಗೇರು ಬೀಳಂಗಿಲ್ಲ. ಪಾರ್ಟ್ಸ್ ಹೈದರಾಬಾದಿನಾಗೂ ಸಿಗಂಗಿಲ್ಲ."

"ತಮ್ಮಾ, ನೀ ಗಾಡಿ ಮಾರ್ಲಾಕ ನಿಂತಿಯೋ, ಬ್ಯಾಡ ಅನ್ಲಾಕ ನಿಂತಿಯೋ?"

ಬಸವಕಿರಣ ನಗಲಿಲ್ಲ. ನಂದಕುಮಾರ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮಡ್‌ಗಾರ್ಡಿಗೆ ಹಿಡಿದ. ಬಲಕ್ಕೆ ಕಚ್ಚಿತು. ಎಡಕ್ಕೆ ಜಾರಿ ಬಿತ್ತು. ಬಣ್ಣದ ಕೆಳಗೆ ತಗಡಿಗಿಂತ ನುಗ್ಗು ಮುಚ್ಚಿದ ಪುಟ್ಟಿಯೇ ದಪ್ಪವಿತ್ತು. ಎಡಗಡೆಯ ಇಂಡಿಕೇಟರ್ ಹೊಸದು, ಅದರ ಮೇಲೆ ಅಕ್ಷರಗಳಿಲ್ಲ. ಒಳಗೆ ಕೆನೆಬಣ್ಣದ ಸೀಟುಗಳು. ಒಂದು ಕಲೆಯೂ ಇಲ್ಲ.

"ನಾನ್ ಆಕ್ಸಿಡೆಂಟ್ ಹೌದಲ್ರಿ?"

"ಅದೊಂದು ಕೇಳಬ್ಯಾಡ್ರಿ."

ನಂದಕುಮಾರ ಗುರುತಿನ ಚೀಟಿ ತೋರಿಸಿದ. ಬಸವಕಿರಣ ಮೆಟ್ಟಿಲ ಮೇಲೆ ಕೂತ.

"ಬದಕ್ಯಾರೇನ್ರಿ?"

"ಬದಕ್ಯಾರ. ಕಾಲು ಹೋಗ್ಯದ. ಎತ್ಕೊಂಡು ಯಾಕ ಹೋಗ್ಲಿಲ್ಲ?"

"ಮಂದಿ ಹೊಡೀತಾರ ಅಂತ ಅಂಜಿದೆ."

"ಅಲ್ಲಿ ಮಂದಿ ಎಲ್ಲಿದ್ರು?"

"ಇರ್ಲಿಲ್ರಿ."

"108ಕ್ಕ ಫೋನ್ ಮಾಡಿದ್ಯಾ?"

"ನನ್ನ ನಂಬರ್ ಸಿಗ್ತದ ಅಂತ ಮಾಡ್ಲಿಲ್ಲ."

"ಗಾಡಿಯಾಗ ಹಾಕ್ಕೋಬೇಕಾಗಿತ್ತು."

ಒಳಗೆ ಕೂಸು ಅಳುತ್ತಿತ್ತು.

"ಬಾಗಿಲು ತೆಗೆದೆ ರೀ. ಸೀಟು ಹಿಂದಕ್ಕ ಸರಿಸಿದೆ. ಮರುದಿನ ಮುಂಜಾನಿ ಹೈದರಾಬಾದಿನ ಗಿರಾಕಿ ಬರಾಂವ ಇದ್ದ. ಸೀಟು ಹೊಸಾವು. ರಕ್ತ ಹತ್ತಿದ್ರ ಹೋಗಂಗಿಲ್ಲ ಅಂತ... ಬಾಗಿಲು ಮತ್ತ ಹಾಕಿದೆ."

"ಗಿರಾಕಿ ಬಂದಿದ್ನೇನು?"

"ನಾನೇ ಬರಬ್ಯಾಡ ಅಂದೆ."

ನಿಜಾಮೋದ್ದೀನ ಅಂಗಿಯ ಧೂಳನ್ನು ಕೊಡವುತ್ತ ಬೇರೆ ಕಡೆ ನೋಡಿದ.

ಮಧ್ಯಾಹ್ನ 12.40ಕ್ಕೆ ಬಂಧನ. ಕಾರು ಜಪ್ತಿಯಾಯಿತು. ಕಲಮುಗಳೆಲ್ಲ ಜಾಮೀನು ಸಿಗುವಂಥವು. ಸಂಜೆ ಮಾವ ಬಂದು ಜಾಮೀನು ಕೊಟ್ಟ ಮೇಲೂ ಬಸವಕಿರಣ ಠಾಣೆಯ ಬೆಂಚಿನಿಂದ ಏಳಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಲಿ ಎಂದು ಕಾನ್‌ಸ್ಟೇಬಲ್‌ಗಳನ್ನು ಕೇಳುತ್ತಿದ್ದ.

ಭಾನುವಾರ ನಂದಕುಮಾರ ಬೀದರಿನ ಆಸ್ಪತ್ರೆಗೆ ಹೋದ. ವಾರ್ಡಿನ ಹೊರಗೆ ಚಂದ್ರಭಾಗಾ ಎದ್ದು ನಿಂತಳು.

"ಕೇಳಿದ್ರೇನ್ರಿ ಸಾಹೇಬ್ರ?"

ಅಂಜಿದ್ದ ಎಂದು ಹೇಳಿಬಿಡಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದ. ಆದರೆ ಅವಳು ಕೇಳಿದ್ದು ಅದೊಂದನ್ನೇ. ಸೀಟಿನ ಮಾತನ್ನು ಇದ್ದಂತೆ ಹೇಳಿದ.

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದ. ಅವಳು ಸೆರಗು ಎಳೆದುಕೊಂಡು, ವಾರ್ಡಿನೊಳಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ಕುರಿ ಹಿಂದ ತಿರುಗೋರು ಖರೆ ಅದ್ರಿ. ಆದ್ರ ಅವತ್ತ ಒಗೆದ ಧೋತರಾನೇ ಉಟ್ಟಿದ್ರು ಸಾಹೇಬ್ರ."

ಆ ಧೋತರ ರಕ್ತದಲ್ಲಿ ಗಟ್ಟಿಯಾಗಿ, ಮೊಹರು ಹಾಕಿದ ಚೀಲದಲ್ಲಿ ಠಾಣೆಯಲ್ಲಿತ್ತು.

"ಹೌದವ್ವಾ," ಎಂದ ನಂದಕುಮಾರ. "ನಾ ನೋಡೀನಿ. ಸ್ವಚ್ಛ ಇತ್ತು."