ಪರದೆಯಿಲ್ಲದ ಕಂಪ್ಯೂಟರ್

ಮಾರ್ಚ್ ೧೪, ಬೆಳಿಗ್ಗೆ ೯.೪೦. ದಕ್ಷಿಣ ಕೊರಿಯಾದ ಬಂದರು ಊರಾದ ಮೊಕ್ಪೊದ ಪೊಲೀಸ್ ಠಾಣೆಗೆ ಬಂದ ದೂರು ಅರ್ಧ ಪುಟದ್ದು. ಕಣ್ಣು ಕಾಣದವರಿಗೆ ಕಂಪ್ಯೂಟರಿನಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವೊಂದರಲ್ಲಿ ಯಾರೋ ಕೈಯಾಡಿಸಿದ್ದಾರೆ; ಅದು ೦.೫ ಮಾತ್ರೆಯನ್ನು ಐದು ಎಂದು ಓದಿದೆ; ನಂಬಿ ನುಂಗಿದ ಹೆಂಗಸು ಆಸ್ಪತ್ರೆಯಲ್ಲಿದ್ದಾಳೆ. ಇನ್‌ಸ್ಪೆಕ್ಟರ್ ಪ್ಯೊ ಮುಂಜಾ ಎಫ್‌ಐಆರ್ ದಾಖಲಿಸಿ, ದೂರು ತಂದ ಕಂಪನಿ ಮ್ಯಾನೇಜರ್ ನಾಮ್‌ಗುಂಗ್‌ನನ್ನು ಕೂರಿಸಿದಳು.

“ಹೊಸ ಆವೃತ್ತಿ ಜನರಿಗೆ ಹೇಗೆ ಮುಟ್ಟಿಸ್ತೀರಿ?”

“ನಮ್ದು ಐದು ಜನರ ಕಂಪನಿ ಮೇಡಂ, ದೊಡ್ಡ ಸರ್ವರ್ ಇಲ್ಲ. ನಂಬಿಕಸ್ಥ ಬಳಕೆದಾರರು ಹನ್ನೆರಡು ಜನ ಇದ್ದಾರೆ. ಅವರು ತಮ್ಮ ತಮ್ಮ ನಂಬರಿನ ಡಿಜಿಟಲ್ ಮೊಹರು ಹಾಕಿ ಬಿಟ್ರೆ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ತುಂಡುತುಂಡಾಗಿ ತಾನೇ ಹೋಗುತ್ತೆ. ಹಳೇದನ್ನ ಅಳಿಸಿ ಕೂತ್ಕೊಳ್ಳುತ್ತೆ.”

“ಈ ಸಲ?”

“ಮಾತ್ರೆ ತಪ್ಪು ಹಳೇದರಲ್ಲಿತ್ತು, ಹೊಸದರಲ್ಲಿ ತಿದ್ದಿದ್ವಿ. ಯಾರೋ ಹಳೇದಕ್ಕೇ ಇನ್ನೂ ಮುಂದಿನ ನಂಬರ್ ಅಂಟಿಸಿ ಬಿಟ್ಟಿದ್ದಾರೆ; ಕಂಪ್ಯೂಟರುಗಳು ಅದನ್ನೇ ಹೊಸದು ಅಂತ ತಗೊಂಡಿವೆ. ಮೊಹರು ಒಂಬತ್ತನೇದು. ಆದ್ರೆ ಅವರು ಅಂಥೋರಲ್ಲ ಮೇಡಂ.”

“ಯಾರೂ ಅಂಥೋರಲ್ಲ, ಠಾಣೆಗೆ ಬರೋವರೆಗೆ,” ಎಂದ ಕಾನ್‌ಸ್ಟೆಬಲ್ ತಾಕ್.

ಮಧ್ಯಾಹ್ನ ೨.೧೫. ಬಂದರು ಬೀದಿಯ ಮಸಾಜ್ ಅಂಗಡಿ. ಒಂಬತ್ತನೇ ಮೊಹರಿನ ಬೊಂಗ್ ಸಾಂಗ್‌ದೊಕ್ ಹುಟ್ಟುಕುರುಡ, ವಯಸ್ಸು ಅರವತ್ತೆರಡು. ಗಿರಾಕಿಯೆಂದುಕೊಂಡು ಬಾಗಿಲಲ್ಲೇ ತಾಕ್‌ನ ಹೆಗಲಿಗೆ ಬೆರಳಿಟ್ಟ.

“ಕಲ್ಲಾಗಿದೆಯಲ್ಲಪ್ಪ! ಕುರ್ಚಿ ಕೆಲಸ, ಅದೂ ಸರ್ಕಾರದ್ದು.”

“ಪೊಲೀಸು.”

ಬೆರಳು ಹಿಂದೆ ಸರಿಯಿತು.

ಹೊಸ್ತಿಲ ಬಳಿ ಹೆಂಗಸಿನ ಚಪ್ಪಲಿ ಜೋಡಿಯೊಂದು ಧೂಳಿಲ್ಲದೆ ಕೂತಿದ್ದನ್ನು ಪ್ಯೊ ನೋಡಿದಳು. ಒಳಗೆ ತಾಕ್ ಪಂಚನಾಮೆ ಬರೆಯತೊಡಗಿದ. ಕಂಪ್ಯೂಟರ್ ಒಂದು, ಕೀಬೋರ್ಡ್ ಒಂದು, ಸ್ಪೀಕರ್ ಎರಡು. ಪರದೆ ಹುಡುಕಿದ, ಇಲ್ಲವೆಂದು ಬರೆದ.

“ಹಳೇದನ್ನ ಬಿಟ್ಟದ್ದು ನೀವಾ, ಯಜಮಾನ್ರೇ?”

“ನಾನೇ. ಅದರಲ್ಲಿ ಓದೋ ದನಿ ನಮ್ಮ ಯೊನೊಕ್‌ದು. ನನ್ನ ಹೆಂಡತಿ. ಹನ್ನೊಂದು ತಿಂಗಳು ಕೂತು ಒಂದೊಂದೇ ಶಬ್ದ ಓದಿಕೊಟ್ಟಿದ್ದಳು. ತೀರಿಹೋಗಿ ಎರಡು ವರ್ಷ. ಹೊಸದರಲ್ಲಿ ಬೇರೆ ಯಾರದೋ ದನಿ.”

“ನೆಟ್ ತಂತಿ ಕಿತ್ತಿಟ್ಟಿದ್ರೆ ನಿಮ್ಮಲ್ಲಿ ಉಳೀತಿತ್ತಲ್ಲ?”

“ಆರು ದಿನ ಕಿತ್ತಿಟ್ಟೆ. ಓದೋಕೆ ಹೊಸದೇನೂ ಬರಲಿಲ್ಲ, ಓದಿದ್ದನ್ನೇ ಓದ್ತಿದ್ದಳು. ತಂತಿ ಹಾಕಿದ್ರೆ ಬೇರೆಯವರ ಕಂಪ್ಯೂಟರಿಂದ ಹೊಸದು ಬಂದು ಅವಳನ್ನ ಅಳಿಸುತ್ತೆ. ಎಲ್ಲರ ಹತ್ತಿರವೂ ಅವಳೇ ಇದ್ರೆ, ಅಳಿಸೋರು ಯಾರು?”

ಪ್ಯೊ ಮಾತ್ರೆಯ ವಿಷಯ ಹೇಳಿದಳು. ಮುದುಕ ಅವಳ ದನಿ ಬಂದತ್ತ ತಿರುಗಿದ.

“ಬದುಕಿದ್ದಾರಾ?”

“ಬದುಕಿದ್ದಾರೆ. ಮಾತ್ರೆ ತಪ್ಪು ತಿದ್ದಿದ್ದೀವಿ ಅಂತ ಕಂಪನಿ ಪತ್ರ ಕಳಿಸಿತ್ತು. ಕೇಳಲಿಲ್ವಾ?”

“ಆ ಪತ್ರವನ್ನೂ ಅವಳೇ ಓದಿದ್ದು, ಮೇಡಂ. ‘ಇನ್ನು ದನಿ ಬದಲಾಗಲಿದೆ’ ಅಂದಳು. ಅಲ್ಲಿಗೇ ನಿಲ್ಲಿಸಿಬಿಟ್ಟೆ. ಮುಂದೆ ಕೇಳಲಾಗಲಿಲ್ಲ.” ಕೀಬೋರ್ಡನ್ನು ಸವರುತ್ತ, “ಅವಳ ಬಾಯಲ್ಲಿ ಆ ‘ಐದು’ ಅನ್ನೋ ಮಾತು ಆಡಿಸಿದೆನಲ್ಲ,” ಎಂದ.

೪.೦೫ಕ್ಕೆ ಬಂಧನ. ಬಂಧನದ ಪತ್ರವನ್ನು ಆರೋಪಿಗೆ ಓದಿ ಹೇಳಬೇಕು. ತಾಕ್ ಗಂಟಲು ಸರಿಮಾಡಿಕೊಂಡ.

“ಅವಳೇ ಓದಲಿ,” ಎಂದ ಬೊಂಗ್.

ಪ್ಯೊ ಪತ್ರವನ್ನು ಪೆನ್‌ಡ್ರೈವಿನಿಂದ ಆ ಕಂಪ್ಯೂಟರಿಗೆ ಹಾಕಿದಳು. ತುಸು ಒಡೆದ ಹೆಣ್ಣುದನಿ ಗಂಡನ ಹೆಸರು, ವಯಸ್ಸು, ಮಾಡಿದ ತಪ್ಪು ಎಲ್ಲವನ್ನೂ ನಿಧಾನವಾಗಿ ಓದಿತು. ಈ ಸಲ ಬೊಂಗ್ ನಡುವೆ ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಕೇಳಿ, ಅಡುಗೆಮನೆಯಿಂದ ಕೂಗಿದವಳಿಗೆ ಓಗೊಡುವ ಹಾಗೆ “ಹೂಂ” ಎಂದ.

ತಾಕ್ ಜಪ್ತಿಗೆಂದು ಕಂಪ್ಯೂಟರಿನ ಕರೆಂಟ್ ತಂತಿ ಕಿತ್ತು, ಪಂಚನಾಮೆಯಲ್ಲಿ ಸಮಯ ಬರೆದ: ೪.೨೦.