ಅಮ್ಮನ ಕಾಲಿನ ಕಡೆಯ ಬಿಸಿ

ಅಪ್ಪ ತೀರಿಕೊಂಡ ನಂತರದ ಮೊದಲ ಚಳಿಗಾಲ, ಅವರ ಹಳೇ ಕಾರಿನಲ್ಲಿ ಅಮ್ಮನನ್ನು ದಿನಾ ಬೆಳಿಗ್ಗೆ ಮಂಡಿನೋವಿನ ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದೆ. ಅಮ್ಮ ಚಪ್ಪಲಿ ಬಿಟ್ಟು ಮುಂದಕ್ಕೆ ಕಾಲು ಚಾಚಿ, “ಹೀಟರ್ ಹಿತವಾಗಿದೆ ಕಣೇ” ಎನ್ನುತ್ತಿದ್ದಳು. ನನ್ನ ಬಾಲ್ಯದಲ್ಲೂ ಹಾಗೇ. ಅಪ್ಪ ತಮ್ಮ ಕಡೆಯ ಗಾಳಿ ಕಿಂಡಿ ಮುಚ್ಚಿ ಬಿಸಿಯನ್ನೆಲ್ಲ ಅವಳ ಕಾಲಿಗೇ ಬಿಡುತ್ತಿದ್ದರು.

ನನ್ನ ಕಡೆ ಮಾತ್ರ ತಣ್ಣನೆ ಗಾಳಿ. ಅಮ್ಮನ ಕಾಲಿಗೆ ಬಿಸಿ ಬರುತ್ತದೆ, ನನಗಿಲ್ಲ, ಹೀಟರ್ ಅರ್ಧ ಕಟ್ಟಿಕೊಂಡಿರಬೇಕೆಂದು ಮೆಕ್ಯಾನಿಕ್ ಮಾಮನಿಗೆ ಹೇಳಿದೆ.

“ಕಟ್ಟಿಕೊಳ್ಳೋಕೆ ಒಳಗೆ ಗಾಳಿ ಬಿಸಿ ಮಾಡೋ ಕೋರ್ ಇದ್ರೆ ತಾನೇ? ಸೋರುತ್ತೆ ಅಂತ ಹೋದ ಬೇಸಿಗೇಲಿ ನಿಮ್ಮಪ್ಪನೇ ತೆಗೆಸಿದ್ರು. ಚಳಿಗಾಲಕ್ಕೆ ಹೊಸದು ಹಾಕಿಸ್ತೀನಿ ಅಂದಿದ್ರು, ಪಾಪ.”

ಅವರು ಬಿಚ್ಚಿ ತೋರಿಸಿದ ಪೆಟ್ಟಿಗೆಯಲ್ಲಿ ಒಣ ಧೂಳಷ್ಟೇ ಇತ್ತು.

“ನಿಮ್ಮಮ್ಮ ಏನು, ಕನಸಲ್ಲಿ ಕಾಲು ಕಾಯಿಸ್ಕೋತಿದ್ರಾ?”

ಹೊಸದು ಬೇಡ ಎಂದು ಆಗಲೇ ಹೇಳಬೇಕಿತ್ತು. ಮಾಮ ಹೊಸ ಕೋರ್ ಕೂರಿಸಿದರು. ಬಿಸಿನೀರು ಒಳಹೋಗುವ ಪೈಪು, ಹೊರಬರುವ ಪೈಪು ಎರಡೂ ಬಿಸಿಯಿದ್ದರೆ ಹೀಟರ್ ಸರಿಯಿದೆ ಎಂದರ್ಥವಂತೆ. ನನ್ನಿಂದಲೇ ಮುಟ್ಟಿಸಿದರು. ಎರಡೂ ಸುಡುತ್ತಿದ್ದವು.

ಮರುದಿನ ನನ್ನ ಪಾದ ಬೆವರಿತು. ಅಮ್ಮ ಮಾತ್ರ ಕಾಲು ಹಿಂದಕ್ಕೆಳೆದುಕೊಂಡು, “ಇವತ್ತು ಹೀಟರ್ ಹಾಕಲೇ ಇಲ್ವೇನೇ?” ಎಂದಳು.

ಕಾರು ನಿಲ್ಲಿಸಿ ಅವಳ ಕಡೆಯ ಕಿಂಡಿಗೆ ಕೈ ಹಿಡಿದೆ. ಬಿಸಿ ಗಾಳಿ ಚೆನ್ನಾಗಿ ಬರುತ್ತಿತ್ತು. ಅದರ ಎದುರಿಗೇ ಇದ್ದ ಅವಳ ಪಾದ ಮುಟ್ಟಿದೆ. ಮಂಜುಗಡ್ಡೆಯ ಹಾಗಿತ್ತು.

ಈಗ ಅಮ್ಮ ಕಾರು ಹತ್ತುವ ಮುಂಚೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುತ್ತಾಳೆ. ಮಾಮ ಎರಡು ಸಲ ಬಿಚ್ಚಿ ನೋಡಿದರು. ಹೀಟರಿನಲ್ಲಿ ಯಾವ ದೋಷವೂ ಇಲ್ಲ.