ಕೆಂಪು ಚೀಟಿಯ ಮೂರನೇ ಸಾಲು

ಅವನಿಗೆ ಮದುವೆಯಾಗಿರಬೇಕು. ಇಲ್ಲದಿದ್ದರೆ ಹನ್ನೆರಡು ಸೂಲಗಿತ್ತಿ ದೇವಿಯರ ಮುಂದೆ ಗಂಡಸೊಬ್ಬನಿಗೇನು ಕೆಲಸ?

ಲಿಯೂ ತಲೆಯೆತ್ತಿ ನೋಡಿದಳು. ಹೋಯ್ ಆನ್ ಪಟ್ಟಣದ ಹಳೇ ಬೀದಿಯ ಚೀನೀ ಸಭಾಭವನ. ಅದರ ಹಿಂದಿನ ಗುಡಿಯ ತೊಲೆಗಳಿಂದ ಸುರುಳಿ ಊದುಬತ್ತಿಗಳು ಇಳಿಬಿದ್ದಿದ್ದವು. ಒಂದೊಂದರ ನಡುವೆಯೂ ಒಂದು ಮನೆಯವರ ಹೆಸರುಗಳಿದ್ದ ಕೆಂಪು ಚೀಟಿ. ಎಲ್ಲವೂ ಮಕ್ಕಳಾಗಲೆಂದು ಬೇಡುವ ದಂಪತಿಗಳವು... ಖಾಂಗ್‌ನದೂ!

ಖಾಂಗ್ ಚಾವಣಿ ದುರಸ್ತಿಗೆ ನದಿಯಾಚೆಯಿಂದ ಬರುವ ಬಡಗಿ. ಗುಡಿಯ ಮೂಲೆಯ ಮೇಜಿನಲ್ಲಿ ಕೂತು ಎಲ್ಲರ ಚೀಟಿ ಬರೆಯುವುದು ಲಿಯೂಳ ಕೆಲಸ. ಅವನೊಬ್ಬ ಮಾತ್ರ ನಾಲ್ಕು ತಿಂಗಳಿಂದ, "ನಾನೇ ಬರ್ಕೋತೀನಿ" ಎಂದು ಕೈ ಅಡ್ಡ ಹಿಡಿಯುತ್ತಿದ್ದ.

"ಕತ್ತು ಉಳುಕೀತು ಕಣೇ!" ಕಸ ಗುಡಿಸುತ್ತಿದ್ದ ಅವಳ ಅಜ್ಜಿ ನಕ್ಕಳು. "ಸಂಜೆ ಡ ನಾಂಗ್‌ನ ಗಂಡಿನ ಕಡೆಯೋರು ನಿನ್ನ ಕೇಳೋಕೆ ವೀಳ್ಯದ ತಟ್ಟೆ ತರ್ತಾರೆ. ಏನಂತೀಯ?"

"ಹೂಂ ಅಂತೀನಿ ಅಜ್ಜಿ. ಇನ್ಯಾರು ಕೇಳಿದ್ದಾರೆ ನನ್ನ?"

ಆಗಲೇ ಖಾಂಗ್‌ನ ಸುರುಳಿಯ ಕೊನೆಯ ಬೂದಿ ಉದುರಿತು. ಉರಿದು ಮುಗಿದ ಸುರುಳಿಯ ಚೀಟಿಯನ್ನು ಓದದೆ ಬೆಂಕಿಗೆ ಹಾಕಬೇಕು. ಓದಿದರೆ ಬೇಡಿಕೆ ಮುಟ್ಟುವುದಿಲ್ಲ ಎನ್ನುತ್ತಿದ್ದಳು ಅಜ್ಜಿ.

ಲಿಯೂ ಕೋಲಿನಿಂದ ಚೀಟಿ ಇಳಿಸಿದಳು. ಬೆಂಕಿಯ ತನಕ ಹೋದಳು. ಕೈ ಚಾಚಿದಳು...

ಓದಿಬಿಟ್ಟಳು!

ಮೊದಲು ಖಾಂಗ್. ಆಮೇಲೆ ಅವನ ತಾಯಿ. ಹೆಂಡತಿಯ ಹೆಸರು ಬರೆಯುವ ಮೂರನೇ ಸಾಲು... ಖಾಲಿ.

"ಓದಿದ್ಯಾ?"

ಹಿಂದೆ ಖಾಂಗ್ ನಿಂತಿದ್ದ. ಕೈಯಲ್ಲಿ ಹೊಸ ಸುರುಳಿ, ಹೊಸ ಚೀಟಿ.

ಅವಳ ಮುಖ ಕೆಂಪಾಯಿತು. "ಮದುವೇನೇ ಆಗದೆ ಇಲ್ಲಿ ಯಾಕೆ ಕಟ್ತೀಯ? ಊರು ನಗಲ್ವಾ?"

"ನಿನ್ನ ಮೇಜು ಇಲ್ಲೇ ಇದೆಯಲ್ಲ..."

ಅಜ್ಜಿಯ ಪೊರಕೆ ನಿಂತಿತು.

"ಮತ್ತೆ ಈ ಖಾಲಿ ಸಾಲು?"

"ಕೇಳದೆ ಒಬ್ಬರ ಹೆಸರು ಬರೀಬಾರದು."

"ಕೇಳಬಹುದಿತ್ತಲ್ಲ, ಮಹರಾಯ!"

ಅವನು ಹೊಸ ಚೀಟಿಯನ್ನು ಮೇಜಿನ ಮೇಲಿಟ್ಟ. ಈ ಸಲ ಕೈ ಅಡ್ಡ ಬರಲಿಲ್ಲ. ಅದೇ ಎರಡು ಹೆಸರು, ಅದೇ ಖಾಲಿ ಜಾಗ.

ಈ ಮೌನವನ್ನು ಇನ್ನೆಷ್ಟು ತಿಂಗಳು ಉರಿಸುತ್ತಾನೆ ಇವನು?

ಲಿಯೂ ಕುಂಚ ಅದ್ದಿದಳು. ಮೂರನೇ ಸಾಲಿನಲ್ಲಿ ತನ್ನ ಹೆಸರು ಬರೆದಳು.

"ಅಜ್ಜಿ, ಸಂಜೆ ಅವರಿಗೆ ಚಹಾ ಕೊಟ್ಟು ಕಳಿಸು. ತಟ್ಟೆ ಮಾತ್ರ ಮುಟ್ಟಬೇಡ!"

"ನೀನು ಓದಿಬಿಟ್ಟೆಯಲ್ಲ," ಖಾಂಗ್ ಮೆಲ್ಲಗೆ ಅಂದ, "ಬೇಡಿಕೆ ಮುಟ್ಟುತ್ತಾ?"

"ಮುಟ್ಟಬೇಕಾದೋಳಿಗೆ ಮುಟ್ಟಿತು. ಕೋಲು ಹಿಡಿ."

ಇಬ್ಬರೂ ಸೇರಿ ಸುರುಳಿ ತೂಗುಹಾಕಿದರು.

ನನ್ನನ್ನು ಮದುವೆಯಾಗು ಎಂದು ಖಾಂಗ್ ಯಾವತ್ತೂ ಹೇಳಲಿಲ್ಲ.